ಘಾಟಿ ಹತ್ತುವ ಲಾರಿಯ ಇಸಿಎಂ ರೀಮ್ಯಾಪ್: ಮೊದಲು ಗಾಳಿಯ ಲೆಕ್ಕ, ಆಮೇಲೆ ಡೀಸೆಲ್

ಗುಂಡ್ಯ ದಾಟಿ ಶಿರಾಡಿಯ ಏರು ಶುರುವಾದ ಮೇಲೆ ಲೋಡ್ ಗಾಡಿ ಎರಡನೇ ಗೇರಿಗೆ ಇಳಿದು ತೆವಳುತ್ತದೆ, ಪುಲ್ಲಿಂಗ್ ಇಲ್ಲ, ಹಿಂದೆ ಕರಿಹೊಗೆ. ಈ ದೂರು ಕಿವಿಗೆ ಬಿದ್ದ ಕೂಡಲೇ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಒಳಗಿನ ಫೈಲ್ ಬದಲಿಸಲು, ಅಂದರೆ ರೀಮ್ಯಾಪ್ ಮಾಡಲು, ಲ್ಯಾಪ್‌ಟಾಪ್ ಬಿಚ್ಚುವವರೇ ಹೆಚ್ಚು. ಎಂಜಿನ್ನಿಗೆ ಡೀಸೆಲ್ ಎಷ್ಟು ಬೇಕಾದರೂ ಸುರಿಯಬಹುದು. ಅಷ್ಟನ್ನೂ ಉರಿಸುವ ಗಾಳಿ ಸಿಲಿಂಡರಿಗೆ ಬರುತ್ತಿದೆಯೇ ಅನ್ನುವುದನ್ನು ಮೊದಲು ನೋಡಬೇಕು. ಕೆಳಗಿನ ಕೆಲಸವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಮೊದಲು ಗಾಡಿ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಇನ್‌ಲೈನ್ ಪಂಪಿನ ಹಳೇ ಲಾರಿಗಳಲ್ಲಿ ರೀಮ್ಯಾಪ್ ಮಾಡಲು ಏನೂ ಇಲ್ಲ; ಅಲ್ಲಿ ಪಂಪ್ ಕ್ಯಾಲಿಬ್ರೇಶನ್, ನಾಜಲ್, ಟೈಮಿಂಗ್ ಇಷ್ಟೇ. ಬಿಎಸ್-4 ಕಾಲದಲ್ಲೂ ಇನ್‌ಲೈನ್ ಪಂಪ್ ಉಳಿಸಿಕೊಂಡ ಮಾಡೆಲ್‌ಗಳು ಬಂದಿದ್ದವು, ಆದ್ದರಿಂದ ವರ್ಷ ನೋಡಿ ತೀರ್ಮಾನಿಸಬೇಡಿ, ಬಾನೆಟ್ ಎತ್ತಿ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಹೆಚ್ಚಿನ ಒತ್ತಡದ ಡೀಸೆಲ್ ಹಂಚುವ ಒಂದೇ ಪೈಪು) ಇದೆಯೇ ನೋಡಿ. ಕಾಮನ್ ರೈಲ್ ಇದ್ದು ಬಾಷ್ ಇಡಿಸಿ17 ಅಥವಾ ಅಂಥದ್ದೇ ಇಸಿಎಂ ಇದ್ದರೆ ಈ ಬರಹ ನಿಮಗೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳ ಮಾತೇ ಬೇರೆ. ಅಲ್ಲಿ ಹೊಗೆ ಕಣ್ಣಿಗೆ ಕಾಣುವುದಿಲ್ಲ, ಡಿಪಿಎಫ್ (ಸೈಲೆನ್ಸರ್ ದಾರಿಯ ಮಸಿ ಫಿಲ್ಟರ್) ಒಳಗೆ ಮಸಿಯಾಗಿ ಕೂರುತ್ತದೆ. ಡೀಸೆಲ್ ಹೆಚ್ಚಿಸಿದರೆ ಫಿಲ್ಟರ್ ಬೇಗ ತುಂಬುತ್ತದೆ, ಡೀಸೆಲ್ ಸುರಿದು ಆ ಮಸಿ ಸುಡುವ ರೀಜನರೇಶನ್ ಮೇಲಿಂದ ಮೇಲೆ ಬರುತ್ತದೆ, ಆ ಹೆಚ್ಚುವರಿ ಡೀಸೆಲ್ ಸಿಲಿಂಡರ್ ಗೋಡೆ ಇಳಿದು ಆಯಿಲ್ ತೆಳುವಾಗುವ ಅಪಾಯವೂ ಇದೆ. ನೈಟ್ರೋಜನ್ ಆಕ್ಸೈಡ್ ಹೆಚ್ಚಾದರೆ ಸೆನ್ಸರ್ ಹಿಡಿಯುತ್ತದೆ, ಡಿಇಎಫ್ (ನೈಟ್ರೋಜನ್ ಆಕ್ಸೈಡ್ ಇಳಿಸುವ ಯೂರಿಯಾ ದ್ರವ) ದೀಪ ಹತ್ತುತ್ತದೆ, ಕೊನೆಗೆ ಇಸಿಎಂ ತಾನೇ ಟಾರ್ಕ್ ಕಡಿಮೆ ಮಾಡುತ್ತದೆ. ಕೂಡಿಸಿದ ಪವರ್ ಅಲ್ಲಿಗೆ ವಾಪಸ್. ಬಿಎಸ್-6ಕ್ಕೆ ಕಂಪನಿಯ ಅಧಿಕೃತ ಸಾಫ್ಟ್‌ವೇರ್ ಅಪ್‌ಡೇಟ್ ಬಿಟ್ಟು ಬೇರೇನನ್ನೂ ಹಾಕಬೇಡಿ. ಇಜಿಆರ್ (ಎಕ್ಸಾಸ್ಟಿನ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಬಂದ್ ಮಾಡುವುದು, ಡಿಪಿಎಫ್ ತೆಗೆದು ಪೈಪ್ ಹಾಕುವುದು, ಡಿಇಎಫ್ ಸರಿಯಿದೆ ಎಂದು ಇಸಿಎಂಗೆ ನಂಬಿಸುವ ಎಮ್ಯುಲೇಟರ್ ಇವು ಯಾವುವೂ ಇಲ್ಲಿಲ್ಲ. ಮಾಲಿನ್ಯದ ಮಿತಿ ಮೀರಿ ಗಾಡಿ ಓಡಿಸಿದರೆ ಸೆಕ್ಷನ್ 190(2)ರ ಪ್ರಕಾರ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಮೇಲೆ ಲೈಸೆನ್ಸ್ ಮೂರು ತಿಂಗಳು ಅನರ್ಹ.

ಕಾನೂನಿನ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಹಾಗಾಗಿ ರಸ್ತೆಗೆ ಇಳಿಯುವ ಗಾಡಿಯ ಪವರ್ ಹೆಚ್ಚಿಸುವ ಮುಂಚೆ ಕಂಪನಿ ಮತ್ತು ಆರ್‌ಟಿಒ ಎರಡೂ ಕಡೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಪ್ಪಿಗೆ ಸಿಗದಿದ್ದರೆ ತಪಾಸಣೆಯ ಭಾಗ ಮಾತ್ರ ಮಾಡಿ. ‘ಪಿಕಪ್ ಇಲ್ಲ’ ಎನ್ನುವ ದೂರು ಬಹುಪಾಲು ಅಲ್ಲೇ ಮುಗಿಯುತ್ತದೆ. ವಾರಂಟಿ ಇರುವ ಗಾಡಿಯಾದರೆ ಫೈಲ್ ಬದಲಿಸಿದ ದಿನವೇ ವಾರಂಟಿ ಹೋಯಿತು ಅಂತಲೇ ತಿಳಿಯಿರಿ. ವಿಮೆ ಕಂಪನಿಗೂ ತಿಳಿಸಿ. 80 ಕಿಮೀ ವೇಗಮಿತಿ ಇರುವ ಗಾಡಿಯಲ್ಲಿ ಆ ಮಿತಿಯನ್ನು ಮುಟ್ಟಲೇಬೇಡಿ.

ನಮ್ಮೂರಿನ ಗಾಳಿ

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಹೆಚ್ಚೂಕಡಿಮೆ 1000 ಮೀಟರ್ ಮೇಲಿವೆ. ಇಲ್ಲಿ ಗಾಳಿಯ ಒತ್ತಡ 89ರಿಂದ 90 ಕಿಲೋಪ್ಯಾಸ್ಕಲ್; ಮಂಗಳೂರು ಬಂದರಿನಲ್ಲಿ 101. ಅಂದರೆ ಅದೇ ಎಂಜಿನ್ನಿಗೆ ಇಲ್ಲಿ ಶೇ. 10ಕ್ಕಿಂತ ತುಸು ಹೆಚ್ಚು ಗಾಳಿ ಕಡಿಮೆ. ಟರ್ಬೊ ಇದನ್ನು ತುಂಬಿಕೊಡುತ್ತದೆ ನಿಜ, ಆದರೆ ಪುಕ್ಕಟೆಯಾಗಿ ಅಲ್ಲ. ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಗುರಿ 2.4 ಬಾರ್ ಅಬ್ಸೊಲ್ಯೂಟ್, ಅಂದರೆ ಹೊರಗಿನ ಗಾಳಿಯ ಒತ್ತಡವೂ ಸೇರಿ, ಇದೆ ಅನ್ನಿ. ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.38 ಪಟ್ಟು ಒತ್ತಿದರೆ ಸಾಕು, ಚಿಕ್ಕಮಗಳೂರಿನಲ್ಲಿ 2.7 ಪಟ್ಟು ಒತ್ತಬೇಕು. ಅಷ್ಟಕ್ಕೆ ಅದು ಇನ್ನೂ ಜೋರಾಗಿ ತಿರುಗಬೇಕು. ಕಂಪನಿಯ ಫೈಲಿನಲ್ಲಿ ಎತ್ತರಕ್ಕೆ ತಕ್ಕಂತೆ ಬೂಸ್ಟ್ ಇಳಿಸುವ ಮ್ಯಾಪ್ (ಅಂಕಿಗಳ ಕೋಷ್ಟಕ) ಇರುವುದು ಇದಕ್ಕೇ. ಬಯಲುಸೀಮೆಗೆ ಅಂತ ತಯಾರಾದ, ಎಲ್ಲ ಗಾಡಿಗೂ ಒಂದೇ ಎಂದು ಮಾರುವ ಫೈಲುಗಳಲ್ಲಿ ಈ ಮ್ಯಾಪನ್ನು ಸಪಾಟು ಮಾಡಿರುತ್ತಾರೆ. ಅಂಥ ಫೈಲ್ ಹಾಕಿಕೊಂಡು ಮುಳ್ಳಯ್ಯನಗಿರಿ ಕಡೆಗೆ ಲೋಡ್ ಎಳೆದರೆ ಮೊದಲು ಸಾಯುವುದು ಟರ್ಬೊ.

ಸ್ಕ್ಯಾನರ್ ಸಿಕ್ಕಿಸಿದ ಕೂಡಲೇ ಮಾಡಬೇಕಾದ ಮೊದಲ ಪರೀಕ್ಷೆಯೂ ಇದೇ. ಕೀ ಆನ್, ಎಂಜಿನ್ ಆಫ್. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ (ಫೈಲಿನ ಮ್ಯಾಪಿಗೂ ಇದಕ್ಕೂ ಸಂಬಂಧವಿಲ್ಲ) ಎಷ್ಟು ಕಿಲೋಪ್ಯಾಸ್ಕಲ್ ತೋರಿಸುತ್ತಿದೆ? ಹಾಸನದಲ್ಲಿ 90ರ ಆಸುಪಾಸು ಇರಬೇಕು. 97 ಅಥವಾ 82 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಲ್ಲವೇ ಮಸಿ ಮೆತ್ತಿದೆ. ಬಿಚ್ಚಿ ಕ್ಲೀನರ್ ಹೊಡೆದು ಒಣಗಿಸಿ ಮತ್ತೆ ನೋಡಿ. ಆಗಲೂ ಸರಿಬರದಿದ್ದರೆ ಹೊಸದು ಹಾಕಿ. ಸೆನ್ಸರ್ ತಪ್ಪಿದ್ದರೆ ಮುಂದೆ ಮಾಡುವ ಲೆಕ್ಕವೆಲ್ಲ ತಪ್ಪು.

ಫೈಲ್ ಮುಟ್ಟುವ ಮುಂಚೆ

ಏರ್ ಫಿಲ್ಟರ್ ಬದಲಿಸಿ. ತೋಟದ ಮಣ್ಣುರಸ್ತೆಯಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್‌ವರೆಗೆ ಕಾಯಬೇಡಿ. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಹಿಡಿದು ನೋಡಿ. ಎದುರಿಗೆ ಸ್ವಚ್ಛವಾಗಿ ಕಂಡರೂ ಎರಡರ ಸಂದಿಯಲ್ಲಿ ಕೆಸರು, ಹುಲ್ಲು, ಹುಳು ಸೇರಿ ಕಂಬಳಿಯ ಹಾಗೆ ಕೂತಿರುತ್ತದೆ. ಹಿಂದಿನಿಂದ ಮುಂದಕ್ಕೆ ಕಡಿಮೆ ಒತ್ತಡದ ನೀರು ಬಿಡಿ. ಜೋರಾಗಿ ಹೊಡೆದರೆ ರೆಕ್ಕೆಗಳು ಮಡಿಸಿಕೊಳ್ಳುತ್ತವೆ.

ಮುಂದಿನದು ಬೂಸ್ಟ್ ಹೋಸ್. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನ ಕೆಳಭಾಗದಲ್ಲಿ, ಕ್ಲಾಂಪಿನ ಅಂಚಿನಲ್ಲಿ, ಧೂಳು ಆಯಿಲ್ ಬೆರೆತು ಕಪ್ಪು ಪಟ್ಟಿ ಕಟ್ಟಿದ್ದರೆ ಗಾಳಿ ಅಲ್ಲೇ ಸೋರುತ್ತಿದೆ. ಟರ್ಬೊ ಬಾಯಿಗೆ ಮುಚ್ಚಳ ಬಿಗಿದು 1 ಬಾರ್ ಗಾಳಿ ತುಂಬಿ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಶಿರಾಡಿಯಲ್ಲಿ ಕರಿಹೊಗೆ, ಪುಲ್ಲಿಂಗ್ ಇಲ್ಲ, ಕೋಡ್ ಪಿ0299 (ಬೂಸ್ಟ್ ಕಡಿಮೆ): ಈ ಮೂರೂ ಒಟ್ಟಿಗಿದ್ದರೆ ಅನುಮಾನ ಮೊದಲು ಹೋಸಿನ ಮೇಲಿರಲಿ. ಆಮೇಲೆ ಟರ್ಬೊ, ಬೂಸ್ಟ್ ಮಿತಿಯಲ್ಲಿಡುವ ವೇಸ್ಟ್‌ಗೇಟ್ ವಾಲ್ವ್.

ರೈಲ್ ಪ್ರೆಶರ್ ಐಡಲ್‌ನಲ್ಲಿ ಸಾಮಾನ್ಯವಾಗಿ 250ರಿಂದ 350 ಬಾರ್ ನಡುವೆ ಇರುತ್ತದೆ. ನೋಡಬೇಕಾದದ್ದು ಇಸಿಎಂ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರ. ಫುಲ್ ಲೋಡಿನಲ್ಲಿ ಆ ಅಂತರ ಹಿಗ್ಗುತ್ತಾ ಹೋಗಿ ಪಿ0087 (ರೈಲ್ ಪ್ರೆಶರ್ ಕಡಿಮೆ) ಬಂದರೆ ಡೀಸೆಲ್ ಫಿಲ್ಟರ್, ಟ್ಯಾಂಕಿನಿಂದ ಬರುವ ಲೈನಿನಲ್ಲಿ ಗಾಳಿ ಎಳೆತ, ಇಂಜೆಕ್ಟರ್ ರಿಟರ್ನ್, ಹೈ ಪ್ರೆಶರ್ ಪಂಪ್, ಇದೇ ಕ್ರಮದಲ್ಲಿ ಹುಡುಕಿ. ಅಗ್ಗದ್ದು ಮೊದಲು. ರಿಟರ್ನ್ ಪರೀಕ್ಷೆಗೆ ಒಂದೊಂದು ಇಂಜೆಕ್ಟರಿಗೂ ಒಂದೇ ಅಳತೆಯ ಬಾಟಲಿ ಕಟ್ಟಿ, ಬಿಸಿ ಎಂಜಿನ್ ಮೂರು ನಿಮಿಷ ಓಡಿಸಿ. ಒಂದು ಬಾಟಲಿ ಉಳಿದವಕ್ಕಿಂತ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಹೋಗಿದೆ. ಇಂಜೆಕ್ಟರ್ ಹಿಂದೆ ಯಾವಾಗಲೋ ಬದಲಿಸಿದ್ದರೆ ಅದರ ತಲೆಯ ಮೇಲೆ ಕೆತ್ತಿರುವ ಕೋಡ್ ಇಸಿಎಂಗೆ ಬರೆದಿದ್ದಾರೆಯೇ ನೋಡಿ. ಬಹಳ ಕಡೆ ಬರೆದೇ ಇರುವುದಿಲ್ಲ. ಐಡಲ್ ನಡುಗುತ್ತದೆ, ಒಂದು ಸಿಲಿಂಡರ್ ಹೆಚ್ಚು ಕುಡಿಯುತ್ತದೆ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ಮಳೆಗಾಲ ಮುಗಿದ ಮೇಲೆ ಬಂದ ಗಾಡಿಯಾದರೆ ಇಸಿಎಂ ಕನೆಕ್ಟರ್ ಬಿಚ್ಚಿ ಪಿನ್ನುಗಳ ಬುಡ ನೋಡಿ. ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಮೃದು ಬ್ರಷ್. ಸೂಜಿ, ಮರಳು ಕಾಗದ ಹಾಕಿ ಕೆರೆಯಬೇಡಿ, ಲೇಪ ಹೋಗಿ ಆರು ತಿಂಗಳಲ್ಲಿ ಮತ್ತೆ ಕಿಲುಬು ಹಿಡಿಯುತ್ತದೆ. ಬ್ಯಾಟರಿ ಟರ್ಮಿನಲ್ ತೆಗೆದು ಕನೆಕ್ಟರ್ ಬಿಚ್ಚಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ, ಆದರೂ ಅವಸರದಲ್ಲಿ ಮರೆಯುತ್ತಾರೆ.

ಕೊನೆಗೆ ಕ್ಲಚ್. ಸಮತಟ್ಟು ರಸ್ತೆಯಲ್ಲಿ ಮೇಲಿನ ಗೇರ್, 1200 ಆರ್‌ಪಿಎಂ, ಪೆಡಲ್ ಪೂರ್ತಿ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಈಗಲೇ ಜಾರುವ ಕ್ಲಚ್ಚಿಗೆ ಇನ್ನೂ ಟಾರ್ಕ್ ಕೊಟ್ಟರೆ ಮೊದಲ ಘಾಟಿಯಲ್ಲೇ ಸುಟ್ಟ ವಾಸನೆ.

ಓದುವುದು

ಎರಡು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿರುವ ಲಾರಿಯಲ್ಲಿ ಡಯಾಗ್ನಾಸ್ಟಿಕ್ ಸಾಕೆಟ್ಟಿಗೆ ಬರುವುದು 24 ವೋಲ್ಟ್. ಕಾರಿನ ಅಗ್ಗದ ಸ್ಕ್ಯಾನರ್ ಇದಕ್ಕೆ ಸಿಕ್ಕಿಸಿದರೆ ಹೊಗೆ ಬರುತ್ತದೆ. 16 ಪಿನ್ನಿನ ಸಾಕೆಟ್ಟಿನಲ್ಲಿ 16 ಪ್ಲಸ್, 4 ಮತ್ತು 5 ಅರ್ತ್, 6 ಮತ್ತು 14 ಕ್ಯಾನ್ ಲೈನ್ (ಗಾಡಿಯ ಕಂಪ್ಯೂಟರುಗಳು ಮಾತಾಡುವ ಜೋಡಿ ವೈರು). ಟೂಲ್ ಮಾತಾಡದಿದ್ದರೆ ಬ್ಯಾಟರಿ ಬಿಡಿಸಿ 6 ಮತ್ತು 14ರ ನಡುವೆ ಮಲ್ಟಿಮೀಟರ್ ಇಡಿ. ಗೇಟ್‌ವೇ ಇಲ್ಲದ ಗಾಡಿಯಲ್ಲಿ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ವೈರುಗಳು ಒಂದಕ್ಕೊಂದು ತಾಗಿವೆ. ಆಮೇಲೆ ಹಾಕಿಸಿದ ಜಿಪಿಎಸ್ ಟ್ರ್ಯಾಕರಿನ ಜೋಡಣೆ ಹುಡುಕಿ.

ಆ ಟ್ರ್ಯಾಕರಿನ ಫ್ಯೂಸ್ ತೆಗೆದಿಡಿ. ಕ್ಯಾನ್ ಲೈನಿಗೆ ಸೇರಿರುವ ಟ್ರ್ಯಾಕರ್ ನಡುವೆ ಮಾತಾಡಿದರೆ ಬರೆಯುವ ಕೆಲಸ ಅರ್ಧಕ್ಕೆ ನಿಲ್ಲಬಹುದು. ಹೆಡ್‌ಲೈಟ್, ಬ್ಲೋವರ್, ಟೇಪ್ ಎಲ್ಲ ಆಫ್. ಬ್ಯಾಟರಿ ಸಪೋರ್ಟರನ್ನು ಎರಡೂ ಬ್ಯಾಟರಿಗಳ ಹೊರತುದಿಗಳಿಗೆ ಹಾಕಿ, ಒಂದೇ ಬ್ಯಾಟರಿಗೆ 12 ವೋಲ್ಟ್ ಚಾರ್ಜರ್ ಹಾಕಿದರೆ ಜೋಡಿಯ ಸಮತೋಲ ಕೆಡುತ್ತದೆ. ವಿಶ್ರಾಂತಿಯಲ್ಲಿ ಜೋಡಿ 25 ವೋಲ್ಟಿನ ಮೇಲಿರಬೇಕು. 24ಕ್ಕಿಂತ ಕೆಳಗಿದ್ದರೆ ಆ ದಿನ ಬೇಡ. ಮಾಮೂಲಿ ವರ್ಕ್‌ಶಾಪ್ ಚಾರ್ಜರ್ ಬಳಸಬೇಡಿ, ಅದರ ವೋಲ್ಟೇಜ್ ಅಲೆ ಅಲೆಯಾಗಿ ಬರುತ್ತದೆ. ಸಪೋರ್ಟರ್, ಲ್ಯಾಪ್‌ಟಾಪ್ ಎರಡಕ್ಕೂ ಯುಪಿಎಸ್ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕರೆಂಟ್ ನಂಬಿ ಫ್ಲ್ಯಾಶ್ ಮಾಡುವುದು ಜೂಜು. ಲ್ಯಾಪ್‌ಟಾಪಿನ ಸ್ಲೀಪ್, ಆಟೋ ಅಪ್‌ಡೇಟ್, ವೈಫೈ ಆಫ್ ಮಾಡಿ. ಟೂಲಿಗೆ ಇಂಟರ್‌ನೆಟ್ ಬೇಕಾದರೆ ಮಾತ್ರ ವೈಫೈ ಬಿಡಿ.

ಮೊದಲು ಇಸಿಎಂ ಮೇಲಿನ ಲೇಬಲ್ಲಿನ ಫೋಟೊ, ಟೂಲ್ ತೋರಿಸುವ ಹಾರ್ಡ್‌ವೇರ್ ನಂಬರ್, ಸಾಫ್ಟ್‌ವೇರ್ ನಂಬರ್. ಇವುಗಳನ್ನೇ ಫೈಲ್ ಹೆಸರಲ್ಲಿ ಗಾಡಿ ನಂಬರ್ ಮತ್ತು ತಾರೀಖಿನ ಜೊತೆ ಬರೆಯಿರಿ. ನಂತರ ಪೂರ್ತಿ ಓದಿ. ಟೂಲ್, ಇಸಿಎಂ ಮೇಲೆ ಹೊಂದಿಕೊಂಡು ಐದು ನಿಮಿಷವೂ ಆಗಬಹುದು, ಮುಕ್ಕಾಲು ಗಂಟೆಯೂ ಆಗಬಹುದು. ಎರಡು ಸಲ ಓದಿ ಎರಡನ್ನೂ ಹೋಲಿಸಿ. ಮ್ಯಾಪ್ ಇರುವ ಜಾಗದಲ್ಲಿ ಒಂದು ಬೈಟ್ ವ್ಯತ್ಯಾಸ ಇದ್ದರೂ ಕೇಬಲ್ ಅಥವಾ ವೋಲ್ಟೇಜ್ ಸರಿಯಿಲ್ಲ. ಕೆಲವು ಟೂಲ್ ‘ವರ್ಚುವಲ್ ರೀಡ್’ ಅಂತ ಕೊಡುತ್ತವೆ. ಅದು ನಿಮ್ಮ ಗಾಡಿಯಿಂದ ಓದಿದ್ದಲ್ಲ, ನಂಬರ್ ನೋಡಿ ಸರ್ವರಿನಿಂದ ತಂದದ್ದು. ಅದನ್ನು ‘ಒರಿಜಿನಲ್’ ಅಂತ ಇಟ್ಟುಕೊಂಡು ನಂಬಬೇಡಿ. ನಿಜವಾದ ಒರಿಜಿನಲ್ಲಿನ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಗಾಡಿ ಮಾಲೀಕರ ಕೈಗೆ.

ಯಾವ ಮ್ಯಾಪ್, ಎಷ್ಟು

ಪೆಡಲ್ ಒತ್ತಿದಾಗ ಇಸಿಎಂ ಮೊದಲು ‘ಡ್ರೈವರ್ ಎಷ್ಟು ಟಾರ್ಕ್ ಕೇಳುತ್ತಿದ್ದಾನೆ’ ಎಂದು ನೋಡುತ್ತದೆ. ಅದನ್ನು ಟಾರ್ಕ್ ಲಿಮಿಟರಿನ ಜೊತೆ ಹೋಲಿಸುತ್ತದೆ, ಉಳಿದದ್ದನ್ನು ಡೀಸೆಲ್ ಪ್ರಮಾಣಕ್ಕೆ ತಿರುಗಿಸುತ್ತದೆ, ಆಮೇಲೆ ಸ್ಮೋಕ್ ಲಿಮಿಟರ್ ಇಷ್ಟು ಗಾಳಿಗೆ ಇಷ್ಟೇ ಎಂದು ಕತ್ತರಿಸುತ್ತದೆ. ಪೆಡಲ್ ಮ್ಯಾಪ್ ಒಂದನ್ನೇ ಏರಿಸಿ ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಅರ್ಧ ಪೆಡಲಿಗೇ ಗಾಡಿ ಚುರುಕಾದಂತೆ ಅನಿಸುತ್ತದೆ, ಪೂರ್ತಿ ಒತ್ತಿದಾಗ ಮೊದಲಿದ್ದಷ್ಟೇ. ರೈಲ್ ಸೆನ್ಸರಿಗೆ ಸಿಕ್ಕಿಸುವ ಡಬ್ಬಿಗಳು ಇನ್ನೂ ಕೆಟ್ಟವು. ಸೆನ್ಸರಿನಿಂದ ಸುಳ್ಳು ಹೇಳಿಸಿ ಪ್ರೆಶರ್ ಏರಿಸುತ್ತವೆ, ನಿಜವಾದ ಪ್ರೆಶರ್ ಎಷ್ಟು ಅನ್ನುವುದು ಇಸಿಎಂಗೂ ಗೊತ್ತಾಗುವುದಿಲ್ಲ.

ಲೋಡ್ ಗಾಡಿಗೆ ಟಾರ್ಕ್ ಶೇ. 8ರಿಂದ 10 ಸಾಕು. ಕಾರಿನವರು ಶೇ. 25 ಏರಿಸಿ ಓಡಾಡುತ್ತಾರೆ, ಏಕೆಂದರೆ ಕಾರು ಪೂರ್ತಿ ಪೆಡಲಿನಲ್ಲಿ ಇರುವುದು ಓವರ್‌ಟೇಕ್ ಮಾಡುವ ಹತ್ತು ಸೆಕೆಂಡು. ಶಿರಾಡಿ ಘಾಟಿ ಸುಮಾರು 26 ಕಿಮೀ; ಲೋಡ್ ಲಾರಿ ಅಷ್ಟುದ್ದಕ್ಕೂ ಹೆಚ್ಚೂಕಡಿಮೆ ಫುಲ್ ಲೋಡಿನಲ್ಲೇ ಇರುತ್ತದೆ. ಪಿಸ್ಟನ್, ಟರ್ಬೊ ತಣ್ಣಗಾಗಲು ಬಿಡುವೇ ಇಲ್ಲ.

ಲೆಕ್ಕ ಹೀಗೆ. 1500 ಆರ್‌ಪಿಎಂನಲ್ಲಿ ಒಂದು ಸಿಲಿಂಡರಿಗೆ ಒಂದು ಸಲಕ್ಕೆ 1500 ಮಿಲಿಗ್ರಾಂ ಗಾಳಿ, 75 ಮಿಲಿಗ್ರಾಂ ಡೀಸೆಲ್ ಹೋಗುತ್ತಿದೆ ಅನ್ನಿ. 1500 ಭಾಗಿಸು 75, ಅಂದರೆ 20ಕ್ಕೆ 1. ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಬೇಕಾದದ್ದು 14.5. ಆದ್ದರಿಂದ ಲ್ಯಾಂಬ್ಡಾ, ಅಂದರೆ ಬೇಕಾದದ್ದರ ಎಷ್ಟು ಪಟ್ಟು ಗಾಳಿ ಇದೆ ಅನ್ನುವುದು, 1.38. ಡೀಸೆಲ್ 79 ಮಾಡಿದರೆ ಲ್ಯಾಂಬ್ಡಾ 1.31. 83 ಮಾಡಿದರೆ 1.25. ಫುಲ್ ಲೋಡಿನಲ್ಲಿ 1.3ರ ಕೆಳಗೆ ಇಳಿಸಬೇಡಿ. ಅಲ್ಲಿಂದ ಕೆಳಗೆ ಹೊಗೆಯೂ ಏರುತ್ತದೆ, ಎಕ್ಸಾಸ್ಟ್ ಬಿಸಿಯೂ ಏರುತ್ತದೆ. ಹಾಗಾದರೆ ಇದ್ದ ಗಾಳಿಯಲ್ಲಿ ಸಿಕ್ಕಿದ್ದು ಶೇ. 5 ಮಾತ್ರ. ಉಳಿದ ಶೇ. 4–5 ಬೇಕಾದರೆ ಗಾಳಿ 1570ಕ್ಕೆ ಏರಬೇಕು, ಅಂದರೆ ಬೂಸ್ಟ್ 0.1 ಬಾರಿನಷ್ಟು ಹೆಚ್ಚಬೇಕು. ಅದನ್ನು ಟರ್ಬೊ ಕೊಡಬಲ್ಲದೇ ಅನ್ನುವುದು ಲಾಗ್ ನೋಡಿ ತೀರ್ಮಾನ. ಎತ್ತರದ ಬೂಸ್ಟ್ ಮ್ಯಾಪ್ ಮತ್ತು ಸಿಂಗಲ್ ವ್ಯಾಲ್ಯೂ ಬೂಸ್ಟ್ ಲಿಮಿಟರ್ (ಬೂಸ್ಟ್ ಯಾವಾಗಲೂ ದಾಟಬಾರದ ಒಂದೇ ಅಂಕಿ) ಇದ್ದ ಹಾಗೇ ಇರಲಿ.

1200 ಆರ್‌ಪಿಎಂ ಕೆಳಗೆ ಏನೂ ಏರಿಸಬೇಡಿ. ಅಲ್ಲಿ ಟರ್ಬೊ ಇನ್ನೂ ಎದ್ದಿರುವುದಿಲ್ಲ, ಹಾಕಿದ ಡೀಸೆಲ್ ಹೊಗೆಯಾಗುತ್ತದೆ. 1300ರಿಂದ ನಿಧಾನಕ್ಕೆ ಏರಿಸಿ, 1400–1800 ನಡುವೆ ಪೂರ್ತಿ ಕೊಟ್ಟು, 2200ರ ಹೊತ್ತಿಗೆ ಮೂಲಕ್ಕೆ ಇಳಿಸಿ. ಘಾಟಿಯಲ್ಲಿ ಗೇರ್ ಉಳಿಸುವುದು ಈ ಆರ್‌ಪಿಎಂಗಳ ನಡುವಿನ ಟಾರ್ಕ್. 1500ರಲ್ಲಿ 400 ಎನ್‌ಎಂ ಇದ್ದರೆ 62.8 ಕಿಲೋವ್ಯಾಟ್, 440 ಆದರೆ 69.1. ಗರಿಷ್ಠ ಪವರ್ ಬದಲಾಗದಿದ್ದರೂ ಮೂರನೇ ಗೇರ್ ಹಿಡಿದು ನಿಲ್ಲುವುದು ಈ ಆರು ಚಿಲ್ಲರೆ ಕಿಲೋವ್ಯಾಟಿನಿಂದ.

ಟಾರ್ಕಿನಿಂದ ಡೀಸೆಲಿಗೆ ತಿರುಗಿಸುವ ಮ್ಯಾಪ್ ಹೊಸ ಗರಿಷ್ಠದವರೆಗೆ ಉದ್ದವಿದೆಯೇ ನೋಡಿ. ಅಕ್ಷ 420ಕ್ಕೇ ಮುಗಿದಿದ್ದರೆ 440 ಕೇಳಿದರೂ 420ರ ಡೀಸೆಲೇ ಸಿಗುತ್ತದೆ. ಇಡಿಸಿ17ರಲ್ಲಿ ಟಾರ್ಕ್ ಕಾವಲು ಅಂತ ಬೇರೆಯೇ ಒಂದು ಲೆಕ್ಕ ನಡೆಯುತ್ತಿರುತ್ತದೆ. ಅದು ಒಪ್ಪದಷ್ಟು ಅಂತರ ಕಂಡರೆ ಡೀಸೆಲ್ ಕಡಿದು ಗಾಡಿ ಲಿಂಪ್ ಮೋಡಿಗೆ (ಕಡಿಮೆ ಪವರಿನಲ್ಲಿ ಕುಂಟುವ ಸ್ಥಿತಿ) ಹೋಗುತ್ತದೆ. ಕಾವಲನ್ನು ಆಫ್ ಮಾಡುವುದು ಪರಿಹಾರವಲ್ಲ, ಪೆಡಲ್ ಸೆನ್ಸರ್ ಕೆಟ್ಟ ದಿನ ಗಾಡಿ ತಾನೇ ಓಡದಂತೆ ತಡೆಯುವುದು ಅದೇ. ಟೈಮಿಂಗ್ ಮತ್ತು ರೈಲ್ ಪ್ರೆಶರ್ ಮುಟ್ಟಬೇಡಿ. ಟೈಮಿಂಗ್ ಮುಂದಕ್ಕೆ ಹಾಕಿದರೆ ಸಿಲಿಂಡರ್ ಒತ್ತಡ ಮತ್ತು ನೈಟ್ರೋಜನ್ ಆಕ್ಸೈಡ್ ಏರುತ್ತದೆ, ಹೆಡ್ ಗ್ಯಾಸ್ಕೆಟ್ ಮೊದಲು ಹೋಗುತ್ತದೆ.

ಬರೆಯುವುದು, ಕೆಟ್ಟರೆ ಏನು

ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ಇಸಿಎಂ ತಾಳೆ ನೋಡುವ ಮೊತ್ತ) ಸರಿಪಡಿಸಿದ ಮೇಲೆಯೇ ಬರೆಯಿರಿ. ಬಿಟ್ಟರೆ ಪಿ0601 ಬರುತ್ತದೆ, ಅಥವಾ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಬರೆಯುವಾಗ ಬಾಗಿಲು ತೆಗೆಯುವುದು, ಬ್ರೇಕ್ ಒತ್ತುವುದು ಬೇಡ. ಮುಗಿದ ಮೇಲೆ ಕೀ ಆಫ್ ಮಾಡಿ ಒಂದು ನಿಮಿಷ ಕಾಯಿರಿ. ಇಸಿಎಂ ತನ್ನ ನೆನಪನ್ನು ಉಳಿಸಿಕೊಂಡು ಮಲಗುವುದು ಆ ಹೊತ್ತಿನಲ್ಲಿ.

ಶೇ. 60ಕ್ಕೆ ನಿಂತುಹೋಯಿತು ಅನ್ನಿ. ಬ್ಯಾಟರಿ ಬಿಡಿಸಬೇಡಿ, ಕೀ ತಿರುಗಿಸಬೇಡಿ. ವೋಲ್ಟೇಜ್ ನೋಡಿ, ಕೇಬಲ್ ನೋಡಿ, ಟೂಲಿನ ರಿಕವರಿ ಆಯ್ಕೆಯಲ್ಲಿ ಒರಿಜಿನಲ್ ಫೈಲನ್ನೇ ಮತ್ತೆ ಬರೆಯಿರಿ. ಬಹಳ ಸಲ ಅಲ್ಲೇ ಎದ್ದು ಕೂರುತ್ತದೆ. ಏಳದಿದ್ದರೆ ಇಸಿಎಂ ಬಿಚ್ಚಿ ಬೆಂಚಿನಲ್ಲಿ ಬೂಟ್ ಮೋಡಿನಿಂದ ಬರೆಯಬೇಕು. ಅದು ಅಭ್ಯಾಸ ಇರುವವರ ಕೆಲಸ. ನಕಲಿ ಟೂಲಿನಲ್ಲಿ ಈ ರಿಕವರಿಯೇ ಕೈಕೊಡುತ್ತದೆ, ಟೂಲಿನಲ್ಲಿ ಉಳಿಸಿದ ದುಡ್ಡು ಒಂದು ಇಸಿಎಂಗೆ ಹೋಗುತ್ತದೆ.

ಘಾಟಿಯಲ್ಲಿ ಲಾಗ್

ಟರ್ಬೊಗೆ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕೆ ಟೈಪ್ ಥರ್ಮೋಕಪಲ್ ಇರಬೇಕು. ಮ್ಯಾನಿಫೋಲ್ಡ್ ಬಿಚ್ಚಿಯೇ ತೂತು ಕೊರೆಯಿರಿ. ಗಾಡಿ ಮೇಲೆಯೇ ಕೊರೆದರೆ ಕಬ್ಬಿಣದ ಚೂರು ನೇರ ಟರ್ಬೊ ಚಕ್ರಕ್ಕೆ. ಟರ್ಬೊ ದಾಟಿದ ಮೇಲೆ ಅಳೆದರೆ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ತೋರಿಸಿ ಸಮಾಧಾನ ಕೊಡುತ್ತದೆ, ನಂಬಬೇಡಿ.

ಪರೀಕ್ಷೆ ಆರ್‌ಸಿಯಲ್ಲಿ ಇರುವಷ್ಟೇ ಲೋಡಿನಲ್ಲಿ, ಓವರ್‌ಲೋಡಿನಲ್ಲಿ ಅಲ್ಲ. ಪಕ್ಕದಲ್ಲಿ ಕೂತವರು ಲಾಗ್ ನೋಡಬೇಕು, ಡ್ರೈವರ್ ರಸ್ತೆ ನೋಡಬೇಕು. ಆರ್‌ಪಿಎಂ, ಪೆಡಲ್, ಬೂಸ್ಟ್ ಮತ್ತು ರೈಲ್ ಪ್ರೆಶರಿನ ಬೇಡಿಕೆ ಹಾಗೂ ಸಿಕ್ಕಿದ್ದು, ಡೀಸೆಲ್ ಪ್ರಮಾಣ, ಗಾಳಿಯ ಬಿಸಿ, ಕೂಲಂಟ್, ಎಕ್ಸಾಸ್ಟ್ ಬಿಸಿ ಇಷ್ಟೂ ಒಂದೇ ಲಾಗಿನಲ್ಲಿರಲಿ. ಒಂದು ಸಾಲು ಹೀಗೆ ಬಂತು ಅನ್ನಿ: 1520 ಆರ್‌ಪಿಎಂ, ಪೆಡಲ್ 100, ಬೂಸ್ಟ್ ಬೇಡಿಕೆ 2.40, ಸಿಕ್ಕಿದ್ದು 2.12, ಎಕ್ಸಾಸ್ಟ್ 735. ಬೂಸ್ಟ್ 0.28 ಬಾರ್ ಕಡಿಮೆ, ಬಿಸಿ ಹೆಚ್ಚು. ಮ್ಯಾಪಿಗೆ ಕೈ ಹಾಕಬೇಡಿ, ಮತ್ತೆ ಹೋಸ್ ಪರೀಕ್ಷೆಗೆ ಹೋಗಿ. ಬೂಸ್ಟ್ ಸರಿಯಿದ್ದೂ ಬಿಸಿ 700 ಡಿಗ್ರಿ ದಾಟಿ ಅಲ್ಲೇ ನಿಂತರೆ ಡೀಸೆಲ್ 2 ಮಿಲಿಗ್ರಾಂ ಇಳಿಸಿ ಮತ್ತೆ ಹತ್ತಿಸಿ. ಕೂಲಂಟ್ ಬಿಸಿ ನಿಲ್ಲದೆ ಏರುತ್ತಿದ್ದರೆ ಫ್ಯಾನ್ ಕ್ಲಚ್ ನೋಡಿ. ಸಕಲೇಶಪುರ ಮುಟ್ಟಿದ ಕೂಡಲೇ ಎಂಜಿನ್ ಆಫ್ ಮಾಡದೆ ಎರಡು ಮೂರು ನಿಮಿಷ ಐಡಲ್ ಬಿಡಿ, ಇಲ್ಲದಿದ್ದರೆ ಟರ್ಬೊ ಬೇರಿಂಗಿನಲ್ಲಿ ಆಯಿಲ್ ಸುಟ್ಟು ಗಟ್ಟಿಯಾಗುತ್ತದೆ.

ಮೈಲೇಜ್ ಹೆಚ್ಚಾಯಿತೇ ಅನ್ನುವುದನ್ನು ಒಂದೇ ಟ್ರಿಪ್ಪಿನಲ್ಲಿ ಹೇಳಬೇಡಿ. ಅದೇ ಬಂಕ್, ಅದೇ ಬದಿ ನಿಲ್ಲಿಸಿ ಟ್ಯಾಂಕ್ ಬಾಯಿವರೆಗೆ ತುಂಬಿಸಿ, ಮೂರು ಟ್ರಿಪ್ ಓಡಿಸಿ ಮತ್ತೆ ತುಂಬಿಸಿ ಭಾಗಿಸಿ. ಡ್ಯಾಶ್‌ಬೋರ್ಡಿನ ಮೈಲೇಜ್ ಇಸಿಎಂನ ಡೀಸೆಲ್ ಲೆಕ್ಕದಿಂದಲೇ ಬರುವುದು, ಮ್ಯಾಪ್ ಬದಲಾದ ಮೇಲೆ ಅದು ಸಾಕ್ಷಿಯಾಗುವುದಿಲ್ಲ.

ಗಾಡಿ ಮುಂದೆ ಕಂಪನಿ ಸರ್ವಿಸ್‌ಗೆ ಹೋಗುವುದಿದ್ದರೆ ಮೊದಲೇ ಒರಿಜಿನಲ್ ಫೈಲ್ ವಾಪಸ್ ಬರೆದು, ಫೈಲ್ ಬದಲಾಗಿತ್ತು ಅನ್ನುವುದನ್ನು ಅವರಿಗೂ ಹೇಳಿ ಕಳಿಸಿ. ಅಲ್ಲಿ ಹೊಸ ಸಾಫ್ಟ್‌ವೇರ್ ಹಾಕಿದರೆ ಸಾಫ್ಟ್‌ವೇರ್ ನಂಬರ್ ಬದಲಾಗುತ್ತದೆ. ಆಮೇಲೆ ನಿಮ್ಮ ಹಳೇ ಬದಲಾದ ಫೈಲನ್ನು ಅದರ ಮೇಲೆ ಬರೆಯುವ ಹಾಗಿಲ್ಲ. ಹೊಸದಾಗಿ ಓದಿ, ಹೊಸ ಫೈಲಿನಲ್ಲೇ ಕೆಲಸ ಮತ್ತೆ ಶುರು ಮಾಡಬೇಕು.